ಚರ್ಚಿಂದ ಕಿಟ್ ಹಂಚೋದು ಬಿಟ್ಟು ಬೇರೆ ಎಂತ ಮಾಡ್ಬಹುದು? ಮಲೆನಾಡ ಕಡೆಯವ್ರು ಹೇಳಿ

ಉಂಬಳದೂರು ಕೇಳಿದ್ದು:

ಎಲ್ರಿಗೂ ನಮಸ್ಕಾರ. ನಮ್ದು ತೀರ್ಥಹಳ್ಳಿ ಕೊಪ್ಪ ನಡುವೆ ಒಂದು ಸಣ್ಣ ಚರ್ಚು, 80-90 ಮನೆ ಇರ್ಬಹುದು, ಅರ್ಧ ಜನ ಮನೇಲಿ ಕೊಂಕಣಿ ಮಾತಾಡೋರು, ಅರ್ಧ ಕನ್ನಡ. ತೋಟ ಇರೋರು ಒಂದಿಷ್ಟು ಮನೆ, ಉಳಿದವ್ರು ಕೂಲಿ, ಡ್ರೈವಿಂಗು, ಸಣ್ಣ ಅಂಗಡಿ, ಮಕ್ಕಳು ಓದಿದ ಮನೇಲಿ ಈಗ ಅಪ್ಪ ಅಮ್ಮ ಇಬ್ರೇ. ಈ ವರ್ಷ ನನ್ನ ಯುವಜನ ಸಂಘಕ್ಕೆ ಸೆಕ್ರೆಟರಿ ಮಾಡಿದಾರೆ, ನಾನೇನು ಕೈ ಎತ್ತಿರ್ಲಿಲ್ಲ, ಮೀಟಿಂಗಿಗೆ ಲೇಟಾಗಿ ಹೋದವ್ನಿಗೆ ಹಾರ ಹಾಕಿದ್ರು.

ವಿಷ್ಯ ಎಂತ ಅಂದ್ರೆ, ನಮ್ಮಲ್ಲಿ ಸಮಾಜಸೇವೆ ಅಂದ್ರೆ ವರ್ಷ ವರ್ಷ ಒಂದೇ ಪಟ್ಟಿ. ಕ್ರಿಸ್ಮಸ್ಸಿಗೆ ಅಕ್ಕಿ ಸಕ್ಕರೆ ಎಣ್ಣೆ ಕಿಟ್ಟು, ಸರ್ಕಾರಿ ಆಸ್ಪತ್ರೆಗೆ ಬ್ರೆಡ್ಡು ಹಣ್ಣು, ಒಂದಿನ ರಸ್ತೆ ಕ್ಲೀನಿಂಗು, ಅದ್ರಲ್ಲಿ ಪೊರಕೆಗಿಂತ ಬ್ಯಾನರಿಗೆ ಖರ್ಚು ಜಾಸ್ತಿ, ಆಮೇಲೆ ಫೋಟೋ ಗ್ರೂಪಿಗೆ. ಬಡವರ ದಿನದ ಭಾನುವಾರ (ನವೆಂಬರಲ್ಲಿ ಬರುತ್ತಲ್ಲ, ಪೋಪ್ ಫ್ರಾನ್ಸಿಸ್ ಶುರು ಮಾಡಿದ್ದು, 2017ರಿಂದ ನಡೀತಿದೆ) ನಮ್ಮ ಫಾದರ್ ಪ್ರಸಂಗದಲ್ಲಿ ಸ್ವಲ್ಪ ಬಿಸಿ ಮುಟ್ಟಿಸಿದ್ರು, ಇದೆಲ್ಲ ಒಳ್ಳೇದೇ, ಆದ್ರೆ ಧರ್ಮಸಭೆಯ ಸಾಮಾಜಿಕ ಬೋಧನೆ ಅಂತ ಒಂದಿದೆ, ಅದನ್ನ ಒಂದ್ಸಲ ಓದಿ ಅಂತ ಜೆರಾಕ್ಸ್ ಕೊಟ್ರು. ಓದ್ದೆ. 1891ರಲ್ಲಿ ಪೋಪ್ 13ನೇ ಲಿಯೋ ಬರೆದ ರೇರುಮ್ ನೊವಾರುಮ್ ಅನ್ನೋ ಪತ್ರದಿಂದ ಶುರು ಆಗಿ 2015ರ ಪೋಪ್ ಫ್ರಾನ್ಸಿಸ್ ಪತ್ರ ಲೌದಾತೊ ಸಿ ತನಕ. ಕೂಲಿ, ಸಂಘ ಕಟ್ಟೋ ಹಕ್ಕು, ಆಸ್ತಿ ಇರೋರ ಜವಾಬ್ದಾರಿ, ಬಡವ್ರಿಗೆ ಮೊದಲ ಪ್ರಾಶಸ್ತ್ಯ, ನೆಲ ನೀರು ಕಾಡು ಎಲ್ಲ ಬರುತ್ತೆ, ಬ್ರೆಡ್ಡು ಹಣ್ಣು ಎಲ್ಲೂ ಬರಲ್ಲ.

ಈಗ ನನ್ ಪ್ರಶ್ನೆ ಇಷ್ಟು, ಕೈಯಲ್ಲಿ ಹತ್ತು ಹನ್ನೆರಡು ಹುಡುಗ್ರು ಹುಡುಗೀರು, ದುಡ್ಡು ತೀರಾ ಕಮ್ಮಿ, ಜೂನಿಂದ ಅಕ್ಟೋಬರ್ ತನಕ ಮಳೆ, ಇಷ್ಟ್ರಲ್ಲಿ ಆ ಜೆರಾಕ್ಸಲ್ಲಿ ಇರೋದನ್ನ ನಮ್ಮೂರಲ್ಲಿ ಮಾಡೋದು ಅಂದ್ರೆ ಎಂತ ಮಾಡೋದು? ಭಾಷಣ ಬೇಡ, ನಿಮ್ ಕಡೆ ಮಾಡಿದ್ದಿದ್ರೆ ಹೇಳಿ.

ಹಳೇ_ಮೇಷ್ಟ್ರು:

ತಮ್ಮಾ, ಒಳ್ಳೆ ಪ್ರಶ್ನೆ. ನಾನು ವಿನ್ಸೆಂಟ್ ದೆ ಪೌಲ್ ಸಭೆಯಲ್ಲಿ (ಬಡವ್ರ ಸೇವೆ ಮಾಡೋ ಕಥೋಲಿಕ ಸಂಘ) ಬಹಳ ವರ್ಷದಿಂದ ಇರೋನು, ಹಾಗಾಗಿ ನನ್ ಉತ್ತರ ಆ ಕಡೆ ವಾಲಿರುತ್ತೆ, ಮೊದ್ಲೇ ಹೇಳಿಬಿಡ್ತೀನಿ.

ಕಿಟ್ಟನ್ನ ಬಯ್ಯೋದು ಸುಲಭ. ಕಿಟ್ಟಲ್ಲಿ ತಪ್ಪಿಲ್ಲ, ನೀವು ಅವ್ರ ಮನೆಗೆ ಹೋಗದೆ ಅವ್ರನ್ನೇ ಚರ್ಚ್ ಅಂಗಳಕ್ಕೆ ಕರೆಸಿ ಸಾಲಲ್ಲಿ ನಿಲ್ಲಿಸ್ತೀರಲ್ಲ ಅಲ್ಲಿದೆ ತಪ್ಪು. 1833ರಲ್ಲಿ ಪ್ಯಾರಿಸಲ್ಲಿ ಫ್ರೆಡ್ರಿಕ್ ಓಜಾನಾಮ್ ಅನ್ನೋ ಕಾಲೇಜು ಹುಡುಗ, ವಯಸ್ಸು ಇಪ್ಪತ್ತು, ಸ್ನೇಹಿತ್ರನ್ನ ಕಟ್ಕೊಂಡು ಈ ಸಭೆ ಶುರು ಮಾಡಿದಾಗ ಅವ್ರು ಹಾಕ್ಕೊಂಡ ಮುಖ್ಯ ಕೆಲ್ಸ ಮನೆ ಭೇಟಿ. ಇಬ್ರು ಹೋಗೋದು, ಕೂರೋದು, ಕೊಟ್ರೆ ಕಾಫಿ ಕುಡಿಯೋದು, ಕೇಳೋದು. ನಮ್ ಸಭೇಲಿ ಈಗ್ಲೂ ಹಂಗೇ, ಯಾರ ಮನೆಗೆ ಎಂತ ಕೊಟ್ವಿ ಅಂತ ಪೂಜೆ ಮುಗಿದ್ಮೇಲೆ ಮೈಕಲ್ಲಿ ಹೇಳೋ ಹಂಗಿಲ್ಲ, ಫೋಟೋ ಅಂತೂ ಇಲ್ವೇ ಇಲ್ಲ.

ಕೇಳಕ್ಕೆ ಶುರು ಮಾಡಿದ್ರೆ ಗೊತ್ತಾಗುತ್ತೆ, ಅವ್ರಿಗೆ ಬೇಕಿರೋದು ಸಕ್ಕರೆ ಅಲ್ಲ. ಒಂದು ಮನೇಲಿ ಅಜ್ಜಿಗೆ ವಿಧವಾ ಪಿಂಚಣಿ ನಿಂತು ಹೋಗಿತ್ತು, ಬ್ಯಾಂಕಿಗೆ ಆಧಾರ್ ಜೋಡಣೆ ಆಗಿಲ್ಲ ಅಂತ, ಅಜ್ಜಿ ಬೆರಳಚ್ಚು ಮಶೀನಲ್ಲಿ ಬೀಳ್ತಿರ್ಲಿಲ್ಲ ಯಾಕಂದ್ರೆ ಜೀವಮಾನ ಪೂರ್ತಿ ಅಡಿಕೆ ಸುಲಿದು ಬೆರಳ ಗೆರೆಯೇ ಸವೆದು ಹೋಗಿದೆ. ವರ್ಷಗಟ್ಲೆ ನಾವು ಅವ್ರಿಗೆ ಕ್ರಿಸ್ಮಸ್ ಕಿಟ್ ಕೊಡ್ತಾ ಇದ್ವಿ, ಪಿಂಚಣಿ ವಿಷ್ಯ ಯಾರೂ ಕೇಳಿರ್ಲಿಲ್ಲ. ಒಬ್ಬ ಹುಡುಗ ತಾಲ್ಲೂಕಾಫೀಸಿಗೆ ಕರ್ಕೊಂಡು ಹೋಗಿ ಕಣ್ಣಿನ ಸ್ಕ್ಯಾನಲ್ಲಿ ಮಾಡಿಸ್ದ, ಮುಗೀತು.

ನಿನ್ ಜೆರಾಕ್ಸಲ್ಲಿ ಇನ್ನೊಂದು ಇರ್ಬೇಕು ನೋಡು, 1931ರಲ್ಲಿ 11ನೇ ಪಿಯುಸ್ ಬರೆದದ್ದು: ಕೆಳಗಿನ ಹಂತದವ್ರು ತಾವೇ ಮಾಡ್ಕೊಳ್ಳೋ ಕೆಲ್ಸವನ್ನ ಮೇಲಿನವ್ರು ಕಿತ್ಕೊಳ್ಳಬಾರ್ದು, ಕೈ ಕೊಡ್ಬೇಕು ಅಷ್ಟೆ. ನಮ್ ಚರ್ಚುಗಳಲ್ಲಿ ಇದು ಉಲ್ಟಾ, ಎಲ್ಲ ಪಾಲನಾ ಸಮಿತಿಯವ್ರೇ ಕೂತು ತೀರ್ಮಾನ ಮಾಡ್ತಾರೆ, ಯಾರಿಗೆ ಸಹಾಯ ಮಾಡ್ಬೇಕೋ ಅವ್ರು ಮಾತ್ರ ಆ ಮೀಟಿಂಗಲ್ಲಿ ಇರಲ್ಲ.

ಅಡಿಕೆ_ಲೆಕ್ಕ:

ಮೇಷ್ಟ್ರು ಹೇಳಿದ್ದು ಚೆನ್ನಾಗಿದೆ, ಆದ್ರೆ ಉಂಬಳದೂರು ಬ್ರದರ್, ನೀವು ಊರು ಸುತ್ತೋಕೆ ಮುಂಚೆ ಚರ್ಚ್ ಕಾಂಪೌಂಡ್ ಒಳಗೆ ಒಂದ್ ಸುತ್ತು ಹಾಕಿ ನೋಡೋಣ. ಗಂಟೆ ಹೊಡ್ದು ಗುಡಿಸಿ ಹೂವಿಟ್ಟು ಹೊಂಡ ತೋಡೋವರೆಗೂ ಎಲ್ಲ ಮಾಡೋ ಮನುಷ್ಯ ಒಬ್ಬ ಇರ್ತಾನಲ್ಲ, ಅವ್ನಿಗೆ ತಿಂಗಳಿಗೆ ಎಷ್ಟು ಕೊಡ್ತೀರಾ? ಫಾದರ್ ಮನೆ ಅಡುಗೆಯವ್ರಿಗೆ ಎಷ್ಟು? ಶಾಲೆ ಇದ್ರೆ ಅಲ್ಲಿ ಆಯಾಗೆ ಎಷ್ಟು, ಏಪ್ರಿಲ್ ಮೇ ಸಂಬಳ ಕೊಡ್ತೀರಾ ಇಲ್ವಾ? ಸರ್ಕಾರ ಹೇಳೋ ಕನಿಷ್ಠ ಕೂಲಿ ಎಷ್ಟು ಅಂತ ಸಮಿತೀಲಿ ಯಾರಿಗಾದ್ರೂ ಗೊತ್ತಾ?

ಇದು ನಾನು ಕಿರಿಕ್ ಮಾಡಕ್ಕೆ ಹೇಳ್ತಿರೋದಲ್ಲ. ರೇರುಮ್ ನೊವಾರುಮಲ್ಲೇ ಇದೆ, ಕೆಲಸಗಾರ ಬೇರೆ ದಾರಿ ಇಲ್ಲದೆ ಕಮ್ಮಿ ಕೂಲಿಗೆ ಒಪ್ಕೊಂಡ ಅಂದ್ರೆ ಆ ಒಪ್ಪಿಗೆ ಒಪ್ಪಿಗೆ ಅಲ್ಲ, ಅದು ಬಲವಂತ, ಅನ್ಯಾಯ ಅಂತ. ನಮ್ ಕಡೆ ತೋಟದ ಯಜಮಾನ್ರ ಬಾಯಲ್ಲಿ ಮೊದ್ಲು ಬರೋ ಮಾತೇ "ಅವ್ರೇ ಒಪ್ಕೊಂಡು ಬಂದಿದಾರಲ್ಲ". 1891ರಲ್ಲಿ ಪೋಪು ನಮ್ ತೋಟ ನೋಡಿಯೇ ಬರ್ದಂಗಿದೆ. ಯಾಕೋಬನ ಪತ್ರ 5ನೇ ಅಧ್ಯಾಯದಲ್ಲಿ ಹೊಲ ಕೊಯ್ದವ್ರ ಹಿಡಿದಿಟ್ಟ ಕೂಲಿ ಕೂಗ್ತಿದೆ ಅಂತ ಇದೆ, ಅದನ್ನ ನಾವೇ ಪೂಜೇಲಿ ಓದಿ "ಪ್ರಭುವಿನ ವಾಕ್ಯ" ಅಂದು ಹೊರಗೆ ಬಂದು ಹೆಂಗಸ್ರಿಗೆ ಗಂಡಸ್ರಿಗಿಂತ ನೂರಿನ್ನೂರು ಕಮ್ಮಿ ಕೊಡ್ತೀವಿ, ಅದೇ ಕೆಲ್ಸಕ್ಕೆ.

ನಾನೂ ತೋಟದವ್ನೇ, ಎರಡೂವರೆ ಎಕರೆ, ಎಲೆಚುಕ್ಕಿ ರೋಗ ಬಂದ್ಮೇಲೆ ಫಸಲು ಹೇಗಿದೆ ಅಂತ ಗೊತ್ತು, ದೊಡ್ಡ ಎಸ್ಟೇಟಿನವ್ರ ಹಂಗೆ ನಮ್ಗೆ ಕೊಡಕ್ಕಾಗಲ್ಲ ಅನ್ನೋದೂ ನಿಜ. ಆದ್ರೆ ಕ್ರಿಸ್ಮಸ್ಸಿಗೆ 600 ರೂಪಾಯಿ ಕಿಟ್ ಕೊಟ್ಟು ಸುಗ್ಗೀಲಿ ದಿನಕ್ಕೆ 100 ಹಿಡ್ಕೊಂಡ್ರೆ ಲೆಕ್ಕ ಯಾರ ಕಡೆ ಬರುತ್ತೆ ಅಂತ ಒಂದ್ಸಲ ಕೂಡ್ಸಿ ನೋಡಿ.

ಹಳೇ_ಮೇಷ್ಟ್ರು:

ಅಡಿಕೆ_ಲೆಕ್ಕ ಅವ್ರೇ, ಒಪ್ತೀನಿ, ಆದ್ರೆ ಕೂಲಿ ಸರಿ ಆಗೋ ತನಕ ಇವತ್ತು ರಾತ್ರಿ ಒಲೆ ಹತ್ತದ ಮನೆಗೆ ಎಂತ ಹೇಳೋದು? ನ್ಯಾಯ ಬರ್ಲಿ ಆಮೇಲೆ ಅಕ್ಕಿ ಕೊಡ್ತೀವಿ ಅನ್ನಕ್ಕಾಗುತ್ತಾ?

ಅಡಿಕೆ_ಲೆಕ್ಕ:

ಮೇಷ್ಟ್ರೇ, ಅಕ್ಕಿ ಕೊಡಿ, ಯಾರು ಬೇಡ ಅಂದ್ರು. ಎರಡನೇ ವ್ಯಾಟಿಕನ್ ಸಭೆ (ಜಗತ್ತಿನ ಬಿಷಪ್ಪರೆಲ್ಲ ಸೇರಿದ್ದು) 1965ರಲ್ಲಿ ಗೃಹಸ್ಥರ, ಅಂದ್ರೆ ಫಾದರ್ ಸಿಸ್ಟರ್ ಅಲ್ಲದ ಸಾಮಾನ್ಯ ವಿಶ್ವಾಸಿಗಳ ಸೇವೆ ಬಗ್ಗೆ ಹೊರಡಿಸಿದ ದಾಖಲೆಯಲ್ಲಿ ಒಂದು ಮಾತಿದೆ, ನ್ಯಾಯವಾಗಿ ಅವ್ರಿಗೆ ಸಲ್ಲಬೇಕಾಗಿರೋದನ್ನ ದಾನ ಅಂತ ಕೊಡಬೇಡಿ ಅಂತ. ನಾನು ಹೇಳ್ತಿರೋದು ಅಷ್ಟೇ. ಕೊಡೋದನ್ನ ಕೊಡಿ, ಆದ್ರೆ ಬಾಕಿ ಇರೋ ಸಾಲ ತೀರ್ಸೋದಕ್ಕೆ ಉಡುಗೊರೆ ಕಾಗದ ಸುತ್ತಬೇಡಿ.

ಉಂಬಳದೂರು:

ಅಣ್ಣ ನೀವು ಹೇಳಿದ್ದು ಓದಿ ನನ್ಗೆ ನಿದ್ದೆ ಬರ್ಲಿಲ್ಲ, ಯಾಕಂದ್ರೆ ನಮ್ ಪಾಲನಾ ಸಮಿತೀಲಿ ಮುಕ್ಕಾಲು ಪಾಲು ತೋಟದವ್ರೇ, ಹಬ್ಬದ ಊಟ, ಪೇಂಟಿಂಗು, ಮೈಕ್ ಸೆಟ್ಟು ಎಲ್ಲ ಅವ್ರ ದುಡ್ಡಲ್ಲೇ ಆಗೋದು. ಯುವಜನ ಸಂಘದ ಸೆಕ್ರೆಟರಿ ಎದ್ದು ನಿಂತು ಕೂಲಿ ವಿಷ್ಯ ತೆಗೆದ್ರೆ ಮುಂದಿನ ಮೀಟಿಂಗಿಗೆ ನನ್ನ ಕರೆಯಲ್ಲ, ನಮ್ಮಪ್ಪನ್ನೂ ಕರೆಯಲ್ಲ. ಫಾದರ್ ಒಳ್ಳೆಯವ್ರು ಆದ್ರೆ ಅವ್ರೂ ಎರಡು ಮೂರು ವರ್ಷದಲ್ಲಿ ವರ್ಗ ಆಗಿ ಹೋಗೋರು. ಇದನ್ನ ಹೆಂಗೆ ಶುರು ಮಾಡೋದು?

ಪಿಎಚ್‌ಸಿ_ಅಕ್ಕ:

ಮಧ್ಯ ಬಾಯಿ ಹಾಕ್ತಿದೀನಿ. ನಾನು ಹೊಸನಗರ ಕಡೆ ಆರೋಗ್ಯ ಇಲಾಖೇಲಿ ಕೆಲ್ಸ ಮಾಡೋಳು, ಕ್ರಿಶ್ಚಿಯನ್ನೇ, ಆದ್ರೆ ಈ ಲ್ಯಾಟಿನ್ ಹೆಸ್ರೆಲ್ಲ ನನ್ಗೆ ಬರಲ್ಲ, ಕೆಲ್ಸದ ಮಾತು ಹೇಳ್ತೀನಿ.

ಮೊದ್ಲು ಮಂಗನ ಕಾಯಿಲೆ. ಇದು ಮೊದ್ಲು ಪತ್ತೆ ಆಗಿದ್ದೇ ನಮ್ ಜಿಲ್ಲೇಲಿ, 1957, ಸೊರಬದ ಕ್ಯಾಸನೂರು ಕಾಡು, ಅದಕ್ಕೇ ಇಂಗ್ಲಿಷಲ್ಲಿ ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅಂತಾರೆ. ಇವತ್ತಿಗೂ ಬಿಟ್ಟಿಲ್ಲ, 2018-19ರಲ್ಲಿ ಸಾಗರದ ಅರಳಗೋಡಲ್ಲಿ ಎಷ್ಟು ಜನ ಹೋದ್ರು ಅಂತ ನೆನಪಿರ್ಬೇಕು. ಸೋಂಕಿರೋ ಉಣುಗು ಕಚ್ಚಿ ಬರೋದು, ಮಂಗ ಸತ್ತ ಜಾಗದಲ್ಲಿ ಅಂಥವು ಜಾಸ್ತಿ, ಡಿಸೆಂಬರಿಂದ ಮೇ ತನಕ ಜೋರು, ಅಂದ್ರೆ ಸರಿಯಾಗಿ ದರಗು (ಒಣ ಎಲೆ) ಗುಡಿಸೋ ಟೈಮು, ಸೌದೆ ತರೋ ಟೈಮು, ಕೊಯ್ಲು. ಕಾಯಿಲೆ ಬರೋದು ಯಾರಿಗೆ ಅಂದ್ರೆ ದರಗಿಗೆ ಹೋಗೋ ಹೆಂಗಸ್ರಿಗೆ, ತೋಟದ ಕೂಲಿಯವ್ರಿಗೆ, ಕಾರಲ್ಲಿ ಪೂಜೆಗೆ ಬರೋರಿಗಲ್ಲ. ಕೈಕಾಲಿಗೆ ಹಚ್ಚೋ ಡೇಪಾ ಎಣ್ಣೆ ಇಲಾಖೆಯಿಂದ ಪುಕ್ಕಟೆ ಕೊಡ್ತೀವಿ, ಆದ್ರೆ ಒಳಗಿನ ಮನೆಗಳಿಗೆ ಮುಟ್ಸೋಕೆ ಆಶಾ ಕಾರ್ಯಕರ್ತೆ ಒಬ್ಬಳಿಂದ ಆಗಲ್ಲ, ಒಂದೊಂದು ಮನೆಗೆ ಗುಡ್ಡ ಹತ್ತಿ ಇಳೀಬೇಕು. ನಿಮ್ ಹನ್ನೆರಡು ಹುಡುಗ್ರು ಬೈಕ್ ಇಟ್ಕೊಂಡಿದಾರಲ್ಲ, ಆಶಾ ಜೊತೆ ಹೋಗಿ ಎಣ್ಣೆ ಮುಟ್ಟಿಸಿ, ಹೆಂಗೆ ಹಚ್ಚೋದು ತೋರ್ಸಿ, ಮಂಗ ಸತ್ತು ಬಿದ್ದಿದ್ರೆ ಮುಟ್ಟದೆ ನಮ್ಗೆ ಫೋನ್ ಮಾಡಿ, ಜ್ವರ ಬಂದವ್ರನ್ನ ಎರಡು ದಿನ ಮನೇಲಿ ಕಷಾಯ ಕುಡ್ಸಿ ಕೂರಿಸ್ದೆ ಆಸ್ಪತ್ರೆಗೆ ತನ್ನಿ. ಬ್ರೆಡ್ಡು ಹಣ್ಣು ತರೋ ದುಡ್ಡಲ್ಲಿ ಪೆಟ್ರೋಲ್ ಹಾಕ್ಸಿ. ನಿಜವಾಗ್ಲೂ ಹೇಳ್ತೀನಿ ವಾರ್ಡಲ್ಲಿ ಬ್ರೆಡ್ಡು ಹಾಳಾಗಿ ಎಸಿತೀವಿ, ಹಬ್ಬ ಬಂದಾಗ ಎಲ್ರೂ ಒಂದೇ ದಿನ ತರ್ತಾರೆ.

ಎರಡ್ನೇದು ಕೊನೆ (ಅಡಿಕೆ ಗೊನೆ) ತೆಗೆಯೋರು. ಮರದಿಂದ ಬಿದ್ದು ಸೊಂಟ ಮುರ್ಕೊಂಡು ಬರೋರು ಪ್ರತಿ ಸುಗ್ಗೀಲೂ ಇದ್ದೇ ಇರ್ತಾರೆ. ಪ್ರಧಾನಮಂತ್ರಿ ಸುರಕ್ಷಾ ಬೀಮಾ ಅಂತ ಇದೆ, ವರ್ಷಕ್ಕೆ 20 ರೂಪಾಯಿ, ಬ್ಯಾಂಕ್ ಅಕೌಂಟಿಂದ ತಾನೇ ಕಟ್ ಆಗುತ್ತೆ, 18ರಿಂದ 70 ವರ್ಷದವ್ರಿಗೆ. ಅಪಘಾತದಲ್ಲಿ ಜೀವ ಹೋದ್ರೆ ಅಥವಾ ಎರಡೂ ಕೈ ಇಲ್ಲಾ ಎರಡೂ ಕಾಲು ಹೋದ್ರೆ 2 ಲಕ್ಷ, ಒಂದು ಕೈ ಇಲ್ಲಾ ಒಂದು ಕಾಲು ಹೋದ್ರೆ 1 ಲಕ್ಷ. ಇದು ದೊಡ್ಡ ದುಡ್ಡಲ್ಲ, ಆಸ್ಪತ್ರೆ ಬಿಲ್ಲಿಗೂ ಬರಲ್ಲ, ಆದ್ರೂ ಇಲ್ದೇ ಇರೋ ಮನೆ ಗತಿ ನಾನು ನೋಡಿದೀನಿ. 20 ರೂಪಾಯಿ ವಿಷ್ಯ ಗೊತ್ತಿಲ್ದೆ ಹೋದವ್ರೇ ಜಾಸ್ತಿ.

ಇದನ್ನೇ ಸಮಿತಿ ಮುಂದೆ ಇಡಿ, ಕೂಲಿ ಜಾಸ್ತಿ ಮಾಡಿ ಅಂತ ಮೊದ್ಲನೇ ದಿನ ಅನ್ನಬೇಡಿ. ನಮ್ ತೋಟಕ್ಕೆ ಬರೋ ಕೊನೆಯವ್ರಿಗೆಲ್ಲ ಈ ವಿಮೆ ಇರ್ಬೇಕು, ಮರ ಹತ್ತೋ ಬದ್ಲು ನೆಲದಲ್ಲೇ ನಿಂತು ಕೊಯ್ಯೋ ಫೈಬರ್ ದೋಟಿ (ಉದ್ದ ಕೋಲು) ಸಂಘದಿಂದ ಒಂದು ತಂದು ಬಾಡಿಗೆಗೆ ಇಡೋಣ ಅಂದ್ರೆ ಯಾವ ಯಜಮಾನ್ರೂ ಬೇಡ ಅನ್ನಲ್ಲ, ಅವ್ರಿಗೂ ತಲೆನೋವು ಕಮ್ಮಿ. ಅಲ್ಲಿಂದ ಮಾತು ಕೂಲಿಗೆ ತಾನಾಗೇ ಬರುತ್ತೆ.

ತುಂಗೆ_ಆಚೆ:

ನಾನು ನಿಮ್ ಚರ್ಚಿನವ್ನಲ್ಲ, ಹಿಂದೂ, ತೀರ್ಥಹಳ್ಳಿ ಹತ್ರದವ್ನೇ. ಹೇಳ್ಬೇಕೋ ಬೇಡ್ವೋ ಅಂತ ಯೋಚ್ನೆ ಮಾಡಿ ಹೇಳ್ತಿದೀನಿ, ಬೇಜಾರು ಮಾಡ್ಕೋಬೇಡಿ. ಈಗಿನ ಕಾಲದಲ್ಲಿ ಚರ್ಚಿನ ಹುಡುಗ್ರು ಗುಂಪಾಗಿ ಬೈಕಲ್ಲಿ ಕೂಲಿಯವ್ರ ಮನೆ ಮನೆಗೆ ಹೋದ್ರೆ ಮೂರನೇ ದಿನಕ್ಕೆ ಯಾರೋ ವೀಡಿಯೋ ಮಾಡಿ ಬೇರೇನೋ ಕತೆ ಕಟ್ಟಿ ಹಾಕ್ತಾರೆ. ನಿಮ್ ಮನಸಲ್ಲಿ ಏನಿದೆ ಅನ್ನೋದು ಮುಖ್ಯ ಆಗಲ್ಲ. ಪಿಎಚ್‌ಸಿ ಅಕ್ಕ ಹೇಳಿದ ಹಂಗೆ ಆಶಾ ಜೊತೆ ಹೋಗಿ, ಪಂಚಾಯ್ತಿಗೆ ಒಂದು ಅರ್ಜಿ ಬರ್ದು ಕೊಟ್ಟು ಹೋಗಿ, ಸೌಹಾರ್ದಕ್ಕೆ ಅಂತಲ್ಲ, ನಿಮ್ ಕೆಲ್ಸ ನಿಲ್ದೆ ನಡೀಲಿ ಅಂತ. ನಮ್ಮೂರ ದೇವಸ್ಥಾನದ ಯುವಕ ಸಂಘದವ್ರನ್ನೂ ಕರೀರಿ, ಬರ್ತಾರೆ, ಉಣುಗು ಎಲ್ರಿಗೂ ಕಚ್ಚುತ್ತೆ.

ಹಳೇ_ಮೇಷ್ಟ್ರು:

ತುಂಗೆ_ಆಚೆ ಅವ್ರೇ ಬಹಳ ಸರಿ ಹೇಳಿದ್ರಿ, ಬೇಜಾರು ಎಂತದೂ ಇಲ್ಲ. ನಮ್ ಹುಡುಗ್ರಿಗೂ ಇದು ತಿಳೀಬೇಕು, ಪೋಪ್ 16ನೇ ಬೆನೆಡಿಕ್ಟ್ 2005ರಲ್ಲಿ ಬರೆದ ದೇವುಸ್ ಕಾರಿತಾಸ್ ಎಸ್ತ್ ಅನ್ನೋ ಪತ್ರದಲ್ಲಿ ಖಡಾಖಂಡಿತ ಹೇಳಿದಾರೆ, ಸೇವೆಯನ್ನ ಮತಾಂತರದ ಸಾಧನ ಮಾಡ್ಕೋಬಾರ್ದು, ಪ್ರೀತಿಗೆ ಬೇರೆ ಉದ್ದೇಶ ಇರಬಾರ್ದು ಅಂತ. ಹಾಗಾಗಿ ಎಣ್ಣೆ ಬಾಟ್ಲಿ ಜೊತೆ ಸಂತರ ಪಟ, ಪ್ರಾರ್ಥನೆ ಚೀಟಿ ಇಡೋ ಉತ್ಸಾಹ ಯಾರಿಗಾದ್ರೂ ಬಂದ್ರೆ ಅಲ್ಲೇ ನಿಲ್ಸಿ. ಬ್ಯಾನರೂ ಬೇಡ.

ಕಾಫಿ_ಕಣಿವೆ:

ಬಾಳೆಹೊನ್ನೂರು ಕಡೆಯಿಂದ ಒಂದು ಮಾತು. ನಮ್ ಎಸ್ಟೇಟ್ ಲೈನುಗಳಲ್ಲಿ (ಕೂಲಿಯವ್ರ ಸಾಲುಮನೆ) ಈಗ ಅಸ್ಸಾಂ, ಜಾರ್ಖಂಡ್ ಕಡೆಯವ್ರೇ ತುಂಬಿದಾರೆ. ಜಾರ್ಖಂಡಿನವ್ರಲ್ಲಿ ಎಷ್ಟೋ ಜನ ಉರಾಂವ್, ಮುಂಡಾ, ಖಾರಿಯಾ ಆದಿವಾಸಿಗಳು, ಅವ್ರಲ್ಲಿ ಕಥೋಲಿಕರೂ ಇದಾರೆ, ಅಜ್ಜನ ಕಾಲದಿಂದ ಕಥೋಲಿಕರು, ನಮ್ ಕೆಲವ್ರಿಗಿಂತ ಹಾಡು ಚೆನ್ನಾಗಿ ಹಾಡ್ತಾರೆ. ನಮ್ ಚರ್ಚಿಂದ ಅರ್ಧ ಗಂಟೆ ದೂರದ ಲೈನಲ್ಲಿ ಇದ್ರೂ ಬಹಳ ಕಾಲ ಯಾರಿಗೂ ಗೊತ್ತಿರ್ಲಿಲ್ಲ, ಅವ್ರು ಬರ್ತಿರ್ಲಿಲ್ಲ ಯಾಕಂದ್ರೆ ಭಾನುವಾರ ಸಂತೆ, ವಾರದ ಸಾಮಾನು ಆವತ್ತೇ ತರ್ಬೇಕು, ಮತ್ತೆ ಬಂದ್ರೂ ಕನ್ನಡ ಪೂಜೆ ಅರ್ಥ ಆಗಲ್ಲ, ಹಿಂದಿನ ಬೆಂಚಲ್ಲಿ ಕೂತು ಎದ್ದು ಹೋಗೋದು.

ಆಮೇಲೆ ನಮ್ ಸಿಸ್ಟರ್ ಒಬ್ರು, ಹಿಂದಿ ಬರೋರು, ಸಂಜೆ ಹೊತ್ತು ಲೈನಿಗೆ ಹೋಗಕ್ಕೆ ಶುರು ಮಾಡಿದ್ರು. ದೇವರ ವಿಷ್ಯ ಮಾತಾಡಿದ್ದು ಕಮ್ಮಿ, ರೇಷನ್ ವಿಷ್ಯ ಜಾಸ್ತಿ, ಅವ್ರ ಊರಿನ ಕಾರ್ಡಲ್ಲೇ ಇಲ್ಲಿ ಅಕ್ಕಿ ಸಿಗುತ್ತೆ ಒಂದು ದೇಶ ಒಂದು ಕಾರ್ಡ್ ಅಂತ, ಅದು ಅವ್ರಿಗೂ ಗೊತ್ತಿಲ್ಲ, ನ್ಯಾಯಬೆಲೆ ಅಂಗಡಿಯವ್ನೂ ಗೊತ್ತಿಲ್ಲ ಅಂದ, ಎರಡು ಸಲ ವಾದ ಮಾಡಿದ್ಮೇಲೆ ಗೊತ್ತಾಯ್ತು ಅವ್ನಿಗೆ. ಮಕ್ಕಳನ್ನ ಅಂಗನವಾಡಿಗೆ ಸೇರ್ಸೋದು ಇನ್ನೂ ಕಷ್ಟ ಆಯ್ತು, ಭಾಷೆ ಒಂದು, ಮತ್ತೆ ಮೂರು ತಿಂಗಳಿಗೆ ಬೇರೆ ಎಸ್ಟೇಟಿಗೆ ಹೋಗ್ಬಿಡ್ತಾರೆ. ಅದು ಇನ್ನೂ ಸರಿ ಹೋಗಿಲ್ಲ, ಸುಳ್ಳು ಹೇಳಲ್ಲ.

ನಿಮ್ ಕಡೆ ಶುಂಠಿ ಕಣಕ್ಕೆ, ಅಡಿಕೆ ಸುಲಿಯಕ್ಕೆ ಹೊರಗಿಂದ ಬಂದವ್ರು ಇದ್ದೇ ಇರ್ತಾರೆ, ಯಾವ ವಾಳೆಯ (ಚರ್ಚಿನ ವಾರ್ಡು) ಲೆಕ್ಕಕ್ಕೂ ಅವ್ರು ಬರಲ್ಲ. ಚರ್ಚ್ ರಿಜಿಸ್ಟರಲ್ಲಿ 80 ಮನೆ ಅಂತೀರಲ್ಲ, ರಿಜಿಸ್ಟರ್ ಹೊರಗೆ ಎಷ್ಟು ಜನ ಇದಾರೆ ಅಂತ ಮೊದ್ಲು ನೋಡ್ಕೊಂಡು ಬನ್ನಿ.

ಅಡಿಕೆ_ಲೆಕ್ಕ:

ಪಿಎಚ್‌ಸಿ ಅಕ್ಕ ಹೇಳಿದ ದಾರಿ ನಂದಕ್ಕಿಂತ ಉಷಾರಿದೆ, ಒಪ್ಕೊಂಡೆ. ಆದ್ರೆ ಚರ್ಚಿನ ಕೆಲ್ಸದವ್ನ ವಿಷ್ಯ ಬಿಡಬೇಡಿ, ಅದಕ್ಕೆ ಯಾವ ಯಜಮಾನ್ರ ಹಂಗೂ ಬೇಡ, ಚರ್ಚ್ ಲೆಕ್ಕದಲ್ಲೇ ಆಗೋದು. 20 ಜನಕ್ಕಿಂತ ಕಮ್ಮಿ ಇರೋ ಕಡೆ ಪಿಎಫ್ ಕಡ್ಡಾಯ ಅಲ್ಲ ಅಂತ ಟ್ರೆಶರರ್ ಹೇಳ್ತಾರೆ, ಸರಿ, ಕಡ್ಡಾಯ ಅಲ್ಲ. ವಯಸ್ಸು 40ರ ಒಳಗಿದ್ರೆ ಶ್ರಮ ಯೋಗಿ ಮಾನ್‌ಧನ್ ಪಿಂಚಣಿಗೆ ಸೇರ್ಸಿ, ಅವ್ರು ಕಟ್ಟಿದಷ್ಟೇ ಕೇಂದ್ರ ಸರ್ಕಾರ ಕಟ್ಟುತ್ತೆ, 60 ಆದ್ಮೇಲೆ ತಿಂಗಳಿಗೆ 3000. 40 ವಯಸ್ಸಲ್ಲಿ ಸೇರಿದ್ರೂ ತಿಂಗಳಿಗೆ 200 ರೂಪಾಯಿ ಕಂತು, ಒಂದು ಹಬ್ಬದ ಪಟಾಕಿ ದುಡ್ಡಲ್ಲಿ ಎಷ್ಟು ವರ್ಷದ್ದು ಆಗುತ್ತೆ ಲೆಕ್ಕ ಹಾಕಿ. 40 ದಾಟಿದ್ರೆ ಪೋಸ್ಟಾಫೀಸಲ್ಲಿ ಅವ್ರ ಹೆಸ್ರಲ್ಲಿ ಆರ್‌ಡಿ ಮಾಡ್ಸಿ. ಮತ್ತೆ ವಾರಕ್ಕೊಂದು ರಜೆ, ಭಾನುವಾರ ಅವ್ನಿಗೆ ರಜೆ ಸಿಗಲ್ಲ ಅಂತ ಎಲ್ರಿಗೂ ಗೊತ್ತು, ಸೋಮವಾರ ಕೊಡಿ.

ಉಂಬಳದೂರು:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂತ ಅನ್ಕೊಂಡಿರ್ಲಿಲ್ಲ. ನಿನ್ನೆ ಫಾದರ್ ಹತ್ರ ಕೂತು ಮಾತಾಡ್ದೆ. ಅವ್ರು ಕಾರ್ಡೈನ್ ಅನ್ನೋ ಬೆಲ್ಜಿಯಂ ಫಾದರ್ ಬಗ್ಗೆ ಹೇಳಿದ್ರು, ಕಾರ್ಖಾನೆ ಹುಡುಗ್ರ ಜೊತೆ ಕೆಲ್ಸ ಮಾಡಿದವ್ರಂತೆ, ನೋಡು, ತೂಗಿ ನೋಡು, ಆಮೇಲೆ ಮಾಡು ಅನ್ನೋ ಕ್ರಮ ಅವ್ರದ್ದು, 1961ರಲ್ಲಿ 23ನೇ ಜಾನ್ ಪೋಪರ ಪತ್ರದಲ್ಲೂ ಅದು ಬಂದಿದೆಯಂತೆ. ಅಂದ್ರೆ ನಾವು ಮೊದ್ಲನೇದು ಬಿಟ್ಟು ಸೀದಾ ಮೂರನೇದಕ್ಕೆ ಹಾರ್ತಾ ಇದ್ವಿ.

ಹಾಗಾಗಿ ಈ ಸಲ ಕಿಟ್ ಪೂರ್ತಿ ನಿಲ್ಸಲ್ಲ, ನಿಲ್ಸಿದ್ರೆ ಅಜ್ಜಿಯರೇ ನನ್ನ ಹೊಡೀತಾರೆ, ಆದ್ರೆ ಕಿಟ್ ಮನೆಗೆ ತಗೊಂಡ್ ಹೋಗೋದು, ಇಬ್ಬಿಬ್ರು, ಪಿಂಚಣಿ ರೇಷನ್ನು ಆಸ್ಪತ್ರೆ ಕಾರ್ಡು ಕೇಳ್ಕೊಂಡು ಬರೋದು. ಮಂಗನ ಕಾಯಿಲೆ ಎಣ್ಣೆಗೆ ನಮ್ ಪಿಎಚ್‌ಸಿಗೆ ಸೋಮವಾರ ಹೋಗ್ತೀವಿ, ದೇವಸ್ಥಾನದ ಸಂಘದಲ್ಲಿ ನನ್ ಕ್ಲಾಸ್‌ಮೇಟ್ ಇದಾನೆ, ಅವ್ನು ಆಗ್ಲೇ ಬರ್ತೀನಿ ಅಂದ, ಊಟ ಯಾರ ಮನೇಲಿ ಅಂತ ಮಾತ್ರ ಕೇಳ್ದ. ಗಂಟೆ ಹೊಡೆಯೋ ಮಾಮನ ಸಂಬಳದ ವಿಷ್ಯ ಫಾದರೇ ಸಮಿತೀಲಿ ತೆಗೀತಾರಂತೆ, ನನ್ ಹೆಸ್ರು ಬರಲ್ಲ ಅಂದ್ರು, ನೋಡೋಣ. ಫೈಬರ್ ದೋಟಿ ರೇಟು ಕೇಳಿ ಸ್ವಲ್ಪ ತಲೆ ತಿರುಗ್ತು, ಒಂದೇ ವರ್ಷದಲ್ಲಿ ಆಗಲ್ಲ ಅದು. ತೋಟದವ್ರ ಕೂಲಿ ವಿಷ್ಯ ಇನ್ನೂ ಧೈರ್ಯ ಬಂದಿಲ್ಲ ಅಣ್ಣ, ಬಯ್ಯಬೇಡಿ.

ಅಕ್ಕ, 20 ರೂಪಾಯಿ ವಿಮೆ ಮಾಡ್ಸಕ್ಕೆ ಎಂತೆಂತ ಬೇಕು? ಕೊನೆ ತೆಗೆಯೋ ಒಬ್ರ ಅಕೌಂಟು ಎಷ್ಟೋ ಕಾಲದಿಂದ ಹಂಗೇ ಬಿದ್ದಿದೆಯಂತೆ, ಅದ್ರಲ್ಲೇ ಆಗುತ್ತಾ?

ಪಿಎಚ್‌ಸಿ_ಅಕ್ಕ:

ಆಧಾರ್, ಪಾಸ್‌ಬುಕ್, ನಾಮಿನಿ ಹೆಸ್ರು ಸಾಕು, ಒಂದೇ ಹಾಳೆ ಫಾರಂ, ಬ್ಯಾಂಕಲ್ಲೂ ಆಗುತ್ತೆ ಪೋಸ್ಟಾಫೀಸಲ್ಲೂ ಆಗುತ್ತೆ. ಬಿದ್ದಿರೋ ಅಕೌಂಟಿಗೆ ಮೊದ್ಲು ಕೆವೈಸಿ ಮಾಡ್ಸಿ ಚಾಲೂ ಮಾಡ್ಸಿ, ಇಲ್ಲಾಂದ್ರೆ ದುಡ್ಡು ಕಟ್ ಆಗಲ್ಲ, ವಿಮೆನೂ ಇರಲ್ಲ, ಬಿದ್ದ್ಮೇಲೆ ಗೊತ್ತಾಗುತ್ತೆ. ಅವಧಿ ಜೂನ್ 1ರಿಂದ ಮೇ 31, ಹಾಗಾಗಿ ಪ್ರತಿ ಮೇ ತಿಂಗಳಲ್ಲಿ ಅಕೌಂಟಲ್ಲಿ ಸ್ವಲ್ಪ ದುಡ್ಡು ಇದೆಯಾ ಅಂತ ಯಾರಾದ್ರೂ ಒಬ್ರು ಫೋನ್ ಮಾಡಿ ನೆನಪಿಸ್ಬೇಕು, ಅದು ನಿಮ್ ಸಂಘದ ಕೆಲ್ಸ. ನಾಮಿನಿ ಜಾಗದಲ್ಲಿ ಹೆಂಡ್ತಿ ಹೆಸ್ರು ಆಧಾರಲ್ಲಿ ಇರೋ ಹಂಗೇ ಬರ್ಸಿ, ಮನೇಲಿ ಕರೆಯೋ ಹೆಸ್ರು ಬರ್ದು ಆಮೇಲೆ ಓಡಾಡೋದು ಬಹಳ ನೋಡಿದೀನಿ.